ಬಾಗಿಲು ತೆರೆದಿದ್ದರೆ ಇನ್ನೂರು

ಕೋರ್ಟಿನ ಮೆಟ್ಟಿಲು ಹತ್ತುವ ಮುಂಚೆ ತುಂಗಮ್ಮ ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿಕೊಂಡಿದ್ದಳು. ವಕೀಲರಿಗೆ ಇಷ್ಟು, ಸ್ಟಾಂಪಿಗೆ ಇಷ್ಟು, ಟೈಪಿಂಗಿಗೆ ಇಷ್ಟು, ಬಸ್ಸಿಗೆ ಏನೂ ಇಲ್ಲ. ಶಿವಮೊಗ್ಗದಿಂದ ಭದ್ರಾವತಿಗೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ. ಪ್ರೈವೇಟ್ ಬಸ್ಸುಗಳು ಒಂದರ ಹಿಂದೊಂದು ಹೋದರೂ ಅವಳು ಕಾದು ನಿಂತು ಸರ್ಕಾರಿ ಬಸ್ಸನ್ನೇ ಹತ್ತುತ್ತಿದ್ದಳು. ಮೂರು ವರ್ಷ ಕಳೆದ ಮೇಲೆ ನೋಡಿದರೆ ಆ ಬಸ್ಸಿನ ಲೆಕ್ಕವೊಂದೇ ಸರಿಯಾಗಿತ್ತು. ಮಿಕ್ಕಿದ್ದೆಲ್ಲ ತಲೆಕೆಳಗಾಗಿತ್ತು.

ಅವಳಿಗೆ ಬೇಕಾಗಿದ್ದದ್ದು ಒಂದು ರೂಮು. ಅರಮನೆಯಲ್ಲ, ತಾರಸಿ ಮನೆಯೂ ಅಲ್ಲ. ಭದ್ರಾವತಿಯ ಜನ್ನಾಪುರದಲ್ಲಿ ಅಪ್ಪ ಕಟ್ಟಿಸಿದ ಮನೆಯ ಹಿಂದೆ, ಸೌದೆ ಮತ್ತು ಹಳೆ ಸೈಕಲ್ಲು ಇಡಲಿಕ್ಕೆಂದು ಶೀಟು ಹೊದಿಸಿದ ಒಂದು ರೂಮಿತ್ತು. ಅಪ್ಪ ಕಾರ್ಖಾನೆಯಲ್ಲಿ ದುಡಿದು, ಶಿಫ್ಟು ಮುಗಿಸಿ ಬಂದು ತಾನೇ ಇಟ್ಟಿಗೆ ಹೊತ್ತು ಕಟ್ಟಿದ ಮನೆ ಅದು. ಅಪ್ಪನೂ ಹೋದ, ಅಮ್ಮನೂ ಹೋದಳು, ವಿಲ್ಲು ಗಿಲ್ಲು ಏನೂ ಬರೆದಿಟ್ಟಿರಲಿಲ್ಲ. ಮಕ್ಕಳು ಇಬ್ಬರೇ, ತುಂಗಮ್ಮ ಮತ್ತು ತಮ್ಮ ಕೃಷ್ಣಪ್ಪ. ಮನೆಯಲ್ಲಿ ಇದ್ದವನು ತಮ್ಮ.

ತುಂಗಮ್ಮ ಇದ್ದದ್ದು ಶಿವಮೊಗ್ಗದ ವಿದ್ಯಾನಗರದಲ್ಲಿ, ಬಾಡಿಗೆ ಮನೆಯಲ್ಲಿ. ಗಂಡ ಸುಬ್ಬಪ್ಪ ಕುಂಸಿ ರೂಟಿನ ಪ್ರೈವೇಟ್ ಬಸ್ಸಿನ ಡ್ರೈವರಾಗಿದ್ದವನು. ಸಕ್ಕರೆ ಕಾಯಿಲೆ ಮೊದಲು ಕಾಲಿಗೆ ಬಂತು, ಆಮೇಲೆ ಕಣ್ಣಿಗೆ. ಕಣ್ಣು ಮಂಜಾದ ಡ್ರೈವರನ್ನು ಯಾವ ಮಾಲೀಕ ಇಟ್ಟುಕೊಳ್ಳುತ್ತಾನೆ? ಪೆನ್ಷನ್ನೂ ಇಲ್ಲ, ಗಿನ್ಷನ್ನೂ ಇಲ್ಲ. ಒಬ್ಬಳೇ ಮಗಳು ಸಂಧ್ಯಾ ತುಂಬಿದ ಮನೆಯ ಸೊಸೆ, ಅವಳ ಮೇಲೆ ಭಾರ ಹಾಕುವ ಹಾಗಿರಲಿಲ್ಲ. ತುಂಗಮ್ಮ ಸೀರೆಗೆ ಫಾಲ್ಸ್ ಹೊಲಿದು, ಸೆರಗಿಗೆ ಕುಚ್ಚು ಕಟ್ಟಿ ಸಂಸಾರ ನಡೆಸುತ್ತಿದ್ದಳು. ಬಾಡಿಗೆ ಏರುತ್ತ ಹೋಯಿತು, ಕುಚ್ಚಿನ ರೇಟು ಇದ್ದಲ್ಲೇ ಇತ್ತು.

"ಅರ್ಧ ಮನೆ ಬೇಡ ಕಿಟ್ಟಿ, ಹಿಂದಿನ ಶೀಟಿನ ರೂಮು ಕೊಡು ಸಾಕು. ನಾವಿಬ್ರು ಹೆಂಗೋ ಇದ್ಕೊಂಡು ಹೋಗ್ತೀವಿ," ಎಂದು ತಮ್ಮನನ್ನು ಕೇಳಿದಳು.

"ಪುಷ್ಪನ್ನ ಒಂದು ಮಾತು ಕೇಳಿ ಹೇಳ್ತೀನಿ ಅಕ್ಕ," ಎಂದ ಕೃಷ್ಣಪ್ಪ.

ಪುಷ್ಪಾ ಅವನ ಹೆಂಡತಿ. ಅವಳ ಉತ್ತರ ಬಾಯಿಂದ ಬರಲಿಲ್ಲ. ಮುಂದಿನ ಸಲ ತುಂಗಮ್ಮ ಹೋದಾಗ ಗೇಟಿಗೆ ಹೊಸ ಬೀಗ ಬಿದ್ದಿತ್ತು, ಒಳಗಿಂದ ಯಾರೂ ಓ ಎನ್ನಲಿಲ್ಲ. ಆ ವರ್ಷ ಗೌರಿ ಹಬ್ಬದ ಬಾಗಿನವೂ ನಿಂತಿತು. ಅವತ್ತಿನಿಂದ ತುಂಗಮ್ಮ ತನ್ನ ತವರನ್ನು ಎರಡು ಹೋಳು ಮಾಡಿಕೊಂಡಳು. ತಮ್ಮ ಒಳ್ಳೆಯವನು, ಬಾಯಿಲ್ಲದವನು. ಕೆಟ್ಟದ್ದೆಲ್ಲ ಆ ಪುಷ್ಪನದು. ಹೆಣ್ಣುಮಕ್ಕಳು ತವರನ್ನು ಉಳಿಸಿಕೊಳ್ಳುವುದು ಹೀಗೇ, ಬೈಯಲಿಕ್ಕೆ ಹೊರಗಿನಿಂದ ಬಂದವಳೊಬ್ಬಳು ಇದ್ದರೆ ಒಡಹುಟ್ಟಿದವನು ಹಾಗೇ ಉಳಿಯುತ್ತಾನೆ.

ಕೇಸು ಹಾಕುವಾಗಲೂ ಅವಳು ವಕೀಲ ವಾದಿರಾಜರಿಗೆ ಅದನ್ನೇ ಹೇಳಿದಳು. "ನನ್ನ ತಮ್ಮಂಗೆ ತೊಂದ್ರೆ ಆಗ್ಬಾರ್ದು ಸರ್. ಕೋರ್ಟು ಹೇಳ್ತು ಅಂದ್ರೆ ಅವನಿಗೂ ಹೆಂಡ್ತಿ ಹತ್ರ ಮಾತಾಡೋಕೆ ಒಂದು ದಾರಿ ಆಗುತ್ತೆ, ಅಷ್ಟೇ."

ವಾದಿರಾಜರು ಶಿವಮೊಗ್ಗದ ವಕೀಲರು, ಕೆಟ್ಟವರಲ್ಲ. ದಾವೆಯ ಕರಡನ್ನು ಕನ್ನಡದಲ್ಲೇ ಓದಿ ಹೇಳಿದರು. "ವಾದಿಯು ಸದರಿ ಮನೆಯ ಜಂಟಿ ಸ್ವಾಧೀನದಲ್ಲಿದ್ದು, ಆಗಾಗ್ಗೆ ಹೋಗಿ ಬಂದು ಇದ್ದು, ಪ್ರತಿವಾದಿಯು ಪ್ರತಿ ವರ್ಷವೂ ಗೌರಿ ಹಬ್ಬಕ್ಕೆ ವಾದಿಗೆ ಬಾಗಿನ ಕೊಡುತ್ತಿದ್ದು..."

ತುಂಗಮ್ಮ ತಡೆದಳು. "ಸರ್, ಇದು ನನ್ನ ಕೇಸೇನಾ? ಗೇಟಿನೊಳಗೇ ಬಿಡಲ್ಲ ಅಂತ ಅಲ್ವಾ ನಾನು ನಿಮ್ಮ ಹತ್ರ ಬಂದಿದ್ದು?"

"ಹಂಗೆ ಬರೆದ್ರೆ ಕೋರ್ಟ್ ಫೀ ಕಟ್ಟೋಕೆ ಆಗಲ್ಲಮ್ಮ ನಿಮ್ಮ ಕೈಲಿ," ಎಂದು ವಾದಿರಾಜರು ಕನ್ನಡಕ ತೆಗೆದಿಟ್ಟರು. "ನಿಮ್ಮ ಪಾಲು ಒಂದು ಹದಿನೈದು ಲಕ್ಷ ಬಾಳುತ್ತೆ ಅಂತಿಟ್ಕೊಳ್ಳಿ. ಮನೆ ಒಟ್ಟಿಗೇ ಇದೆ, ನಾನೂ ಹೋಗಿ ಬಂದು ಮಾಡ್ತೀನಿ, ಬರೀ ಭಾಗ ಮಾಡಿ ಕೊಡಿ ಅಂದ್ರೆ ಇನ್ನೂರು ರೂಪಾಯಿ. ನನ್ನ ಹೊರಗೆ ಹಾಕಿದಾರೆ, ಒಳಗೆ ಬಿಡಿಸಿ ಕೊಡಿ ಅಂದ್ರೆ ಪಾಲಿನ ಬೆಲೆ ಮೇಲೆ ಫೀ. ಎಂಬತ್ತು ಸಾವಿರ ದಾಟುತ್ತೆ."

"ಬಾಗಿಲು ಹಾಕಿಸ್ಕೊಂಡೋರಿಗೇ ಜಾಸ್ತಿನಾ ಸರ್?"

"ಕಾನೂನು ನಾನು ಮಾಡಿದ್ದಲ್ಲಮ್ಮ."

ಅವರು ಮಾಡಿದ್ದಲ್ಲ, ನಿಜ. ಮಾಡಿದವರು ಯಾರೋ, ಅವರಿಗೆ ಅಕ್ಕತಂಗಿಯರು ಇದ್ದರೋ ಇಲ್ಲವೋ. ಒಳಗೆ ಕೂತು ಉಣ್ಣುವವಳಿಗೆ ಇನ್ನೂರು, ಬೀದಿಯಲ್ಲಿ ನಿಂತವಳಿಗೆ ಎಂಬತ್ತು ಸಾವಿರ. ತುಂಗಮ್ಮ ಎಂಬತ್ತು ಸಾವಿರವನ್ನು ಒಟ್ಟಿಗೆ ನೋಡಿದವಳಲ್ಲ. ಇನ್ನೂರರ ಕಡೆಗೆ ಸಹಿ ಹಾಕಿದಳು.

ಇನ್ನೂರಕ್ಕೆ ಕೇಸು ಮುಗಿಯುತ್ತದೆಂದು ಅವಳು ತಿಳಿದಿದ್ದಳೋ ಏನೋ, ಪಾಪ. ಮನೆ ಭದ್ರಾವತಿಯದಾದ್ದರಿಂದ ಕೇಸೂ ಭದ್ರಾವತಿ ಕೋರ್ಟಿನಲ್ಲೇ. ವಾದಿರಾಜರು ಕಾರಿನಲ್ಲಿ ಹೋಗುತ್ತಿದ್ದರು, ಡೀಸೆಲ್ ತುಂಗಮ್ಮನದು. ವಕಾಲತ್ತಿಗೆ, ಸಮನ್ಸಿಗೆ, ಜೆರಾಕ್ಸಿಗೆ, ಗುಮಾಸ್ತರ ಕಾಫಿಗೆ. ಕೊನೆಗೆ ಅವಳು ರೂಪಾಯಿಯಲ್ಲಿ ಲೆಕ್ಕ ಹಾಕುವುದನ್ನೇ ಬಿಟ್ಟಳು. ಒಂದು ವಾಯ್ದೆ ಎಂದರೆ ಐದು ಸೀರೆಯ ಕುಚ್ಚು. ಜಡ್ಜ್ ಸಾಹೇಬರು ರಜೆ, ಐದು ಸೀರೆ. ಎದುರು ವಕೀಲ ಹರಿಪ್ರಸಾದ್ ಟೈಮು ಕೇಳಿದರು, ಐದು ಸೀರೆ. ವಕೀಲರ ಸಂಘದಲ್ಲಿ ಯಾರೋ ತೀರಿಕೊಂಡು ಕಲಾಪ ಇಲ್ಲ, ಆಗಲೂ ಐದೇ. ಯಾರದೋ ಮದುವೆಯ ರೇಷ್ಮೆ ಸೀರೆಯ ಸೆರಗು ಹಿಡಿದು ಕೂತು ಅವಳು ತನ್ನ ಒಂದು ರೂಮಿಗೆ ಗಂಟು ಹಾಕುತ್ತಿದ್ದಳು. ಕೋರ್ಟಿನ ಗೋಡೆಯ ಮೇಲೆ ಹೆಂಗಸರಿಗೆ ಉಚಿತ ಕಾನೂನು ನೆರವು ಎಂಬ ಬೋರ್ಡೂ ಇತ್ತು. ಪುಕ್ಕಟೆ ವಕೀಲ ಮನಸ್ಸಿಟ್ಟು ಮಾಡುತ್ತಾನೆಯೇ ಎಂದು ಅವಳೇ ಅದನ್ನು ದಾಟಿಕೊಂಡು ಓಡಾಡಿದಳು. ಪುಕ್ಕಟೆ ಬಸ್ಸಿಗೆ ಬಿಸಿಲಲ್ಲಿ ಕಾದು ನಿಂತವಳು ಪುಕ್ಕಟೆ ವಕೀಲನನ್ನು ನಂಬಲಿಲ್ಲ.

ಮೂರನೇ ವರ್ಷ ಸಾಕ್ಷಿಯ ಹಂತ ಬಂತು. ಗೌರಿ ಗಣೇಶ ಹಬ್ಬ ಕಳೆದ ಮೇಲೆ ಪಾಟಿ ಸವಾಲು ಎಂದು ವಾಯ್ದೆ ಬಿತ್ತು.

"ಏನಿಲ್ಲಮ್ಮ, ಕಟಕಟೆಗೆ ಹೋಗಿ ದೇವರ ಮೇಲೆ ಪ್ರಮಾಣ ಮಾಡ್ತೀರಿ. ಅವ್ರು ಕೇಳ್ತಾರೆ. ಹೋಗ್ತಾ ಬರ್ತಾ ಇರ್ತೀನಿ, ತಮ್ಮ ಬಾಗಿನ ಕೊಡ್ತಾನೆ. ಇಷ್ಟನ್ನ ಬಿಡಬೇಡಿ," ಎಂದರು ವಾದಿರಾಜರು.

ಕಾಗದದಲ್ಲಿ ಸಹಿ ಹಾಕುವಾಗ ಅದು ವಕೀಲರ ಮಾತಾಗಿತ್ತು. ಈಗ ದೇವರ ಹೆಸರು ಹೇಳಿ ಅವಳ ಬಾಯಲ್ಲೇ ಬರಬೇಕು. ಅದೂ ಗೌರಿ ಬಾಗಿನದ ಸುಳ್ಳು. ಮನೆಗೆ ಬಂದು ಅನ್ನ ಬಸಿಯುವಾಗಲೂ ಅದೇ ಯೋಚನೆ.

"ಕೋರ್ಟಲ್ಲಿ ಎಲ್ರೂ ಹಂಗೇ ಹೇಳೋದು ಮಾರಾಯ್ತಿ," ಎಂದ ಸುಬ್ಬಪ್ಪ, ಗೋಡೆಗೆ ಒರಗಿಕೊಂಡೇ. "ದೇವರಿಗೂ ಗೊತ್ತಿರುತ್ತೆ, ಅದು ಕೋರ್ಟು ಅಂತ."

"ಬೇರೆ ಏನಾದ್ರೂ ಆಗಿದ್ರೆ ಹೇಳ್ತಿದ್ದೆ ಕಣ್ರೀ. ಗೌರಿ ಹೆಸರು ಬರೆಸಿಬಿಟ್ಟಿದ್ದೀನಲ್ಲ."

ಅವಳು ಒಂದು ದಾರಿ ಹುಡುಕಿದಳು. ಅದನ್ನು ವಾದಿರಾಜರಿಗೆ ಹೇಳಿದ್ದರೆ ಅವರು ಕಾಲಿಗೆ ಬಿದ್ದಾದರೂ ತಡೆಯುತ್ತಿದ್ದರು. ಆದರೆ ಇಂಥದ್ದನ್ನೆಲ್ಲ ವಕೀಲರಿಗೆ ಯಾರು ಹೇಳುತ್ತಾರೆ? ದಾರಿ ಇಷ್ಟೇ: ಸುಳ್ಳು ಹೇಳಲಿಕ್ಕೆ ಆಗದಿದ್ದರೆ ಹೇಳುವುದನ್ನು ನಿಜ ಮಾಡಿಬಿಡುವುದು. ಹಬ್ಬದ ದಿನ ಜನ್ನಾಪುರಕ್ಕೆ ಹೋಗಿ ಆ ಮನೆಯ ಹೊಸಿಲು ದಾಟಿ ಒಂದು ಲೋಟ ನೀರು ಕುಡಿದು ಬಂದರೆ ಹೋಗಿ ಬಂದ ಹಾಗಾಯಿತು. ತಮ್ಮ ಬಾಗಿನ ಕೊಡುವುದಿಲ್ಲ, ಸರಿ. ಬಾಗಿನವನ್ನು ತಾನೇ ತೆಗೆದುಕೊಂಡು ಹೋಗಿ, ಅವನ ಕೈಯಿಂದ ಮುಟ್ಟಿಸಿ ಈಸಿಕೊಂಡರೆ ಕೊಟ್ಟ ಹಾಗೇ. ಆಮೇಲೆ ಕಟಕಟೆಯಲ್ಲಿ ಎದೆ ತಟ್ಟಿ ಹೇಳಬಹುದು.

ಹಾಗಾಗಿ ಆ ಗೌರಿ ಹಬ್ಬದ ದಿನ ತುಂಗಮ್ಮ ಎರಡು ಮೊರ ಕೊಂಡಳು. ಅರಿಶಿನ ಕುಂಕುಮ, ಬಳೆ, ಬಿಚ್ಚೋಲೆ, ಕನ್ನಡಿ, ಬೇಳೆ, ಬೆಲ್ಲ, ಒಂದು ರವಿಕೆ ಕಣ, ಯಾವುದನ್ನೂ ಬಿಡಲಿಲ್ಲ. ತನಗೆ ತಾನೇ ಕೊಡಬೇಕಾದ ಬಾಗಿನವನ್ನು ಅಷ್ಟು ಚೆನ್ನಾಗಿ ಜೋಡಿಸಿದ ಹೆಂಗಸು ಇನ್ನೊಬ್ಬಳಿರಲಿಕ್ಕಿಲ್ಲ. ಸರ್ಕಾರಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದಳು.

ಗೇಟಿಗೆ ಬೀಗ. ಒಳಗೆ ಹೂರಣದ ವಾಸನೆ, ಟಿವಿಯ ಸದ್ದು. ತುಂಗಮ್ಮ ಚಿಲಕ ಅಲ್ಲಾಡಿಸಿದಳು. ಮಹಡಿಯ ಬಾಲ್ಕನಿಗೆ ಪುಷ್ಪಾ ಬಂದಳು, ರೇಷ್ಮೆ ಸೀರೆ ಉಟ್ಟು, ಕೈಯಲ್ಲಿ ಮೊಬೈಲು ಹಿಡಿದು. ಯಾರ ಜೊತೆಗೋ ಮಾತಾಡುತ್ತಿದ್ದಾಳೆ ಎಂದುಕೊಂಡಳು ತುಂಗಮ್ಮ.

"ಪುಷ್ಪಾ, ಗೇಟ್ ತೆಗಿಯಮ್ಮ. ಜಗಳಕ್ಕೆ ಬಂದಿಲ್ಲ. ಒಂದು ಲೋಟ ನೀರು ಕುಡಿದು ಹೋಗ್ತೀನಿ."

ಪುಷ್ಪಾ ಬಾಲ್ಕನಿಯ ಅಂಚಿಗೆ ಒರಗಿ ನಿಂತಳು.

"ಬಾಗಿನ ನಾನೇ ತಂದಿದ್ದೀನಿ. ಕಿಟ್ಟಿ ಒಂದು ಸಲ ಮುಟ್ಟಿ ಕೊಟ್ರೆ ಸಾಕು. ಒಳಗೆ ಕೂರೋದೂ ಇಲ್ಲ, ಹೊಸಿಲು ದಾಟಿ ವಾಪಸ್ ಬರ್ತೀನಿ. ಮೂರು ವರ್ಷ ಆಯ್ತಲ್ಲಮ್ಮ ನಾನು ಈ ಮನೆ ಒಳಗೆ ಕಾಲಿಟ್ಟು."

ಮೊಬೈಲು ಹಿಡಿದ ಕೈ ಸ್ವಲ್ಪವೂ ಅಲ್ಲಾಡಲಿಲ್ಲ. ಪುಷ್ಪಾ ಒಮ್ಮೆ ಹಿಂದಕ್ಕೆ ತಿರುಗಿ ಒಳಗಿನ ಯಾವುದೋ ಮಾತು ಕೇಳಿಸಿಕೊಂಡಳು. ಆಮೇಲೆ ಮತ್ತೆ ಈ ಕಡೆ ತಿರುಗಿ ಹಾಗೇ ನಿಂತಳು. ತುಂಗಮ್ಮ ಇನ್ನೂ ಏನೇನೋ ಬೇಡಿಕೊಂಡಳು, ಕಂಬಿಯ ಸಂದಿಯಿಂದ ಮೊರ ತೂರಿಸಲು ನೋಡಿದಳು, ಅದು ಹಿಡಿಸಲಿಲ್ಲ. ಎದುರು ಮನೆಯ ಹೆಂಗಸು ನೋಡಲಾರದೆ ಒಂದು ಚೊಂಬು ನೀರು ತಂದುಕೊಟ್ಟಳು. ತುಂಗಮ್ಮ ಬೀದಿಯಲ್ಲೇ ನಿಂತು ಕುಡಿದಳು. ಆ ನೀರು ಲೆಕ್ಕಕ್ಕೆ ಬರುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಳು. ಕಿಟ್ಟಿ ಹಿತ್ತಲಲ್ಲಿ ಇದ್ದಿರಬೇಕು. ಟಿವಿ ಬೇರೆ ಅಷ್ಟು ಜೋರಾಗಿತ್ತು. ನನ್ನ ದನಿ ಕೇಳಿಸಿದ್ದರೆ ಓಡಿ ಬರುತ್ತಿದ್ದ. ಚಿಕ್ಕಂದಿನಲ್ಲಿ ಕಾರ್ಖಾನೆಯ ಸೈರನ್ನಿಗೆ ಹೆದರಿ ನನ್ನ ಲಂಗದಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದ ಹುಡುಗ ಅವನು.

ಪಾಟಿ ಸವಾಲಿನ ದಿನ ಕೋರ್ಟು ತುಂಬಿತ್ತು. ತುಂಗಮ್ಮ ಕಟಕಟೆಯಲ್ಲಿ ನಿಂತು ಪ್ರಮಾಣ ಮಾಡಿದಳು. ಹರಿಪ್ರಸಾದ್ ವಯಸ್ಸಾದ ವಕೀಲ, ಬಹಳ ಮೃದುವಾಗಿ ಕೇಳಿದರು.

"ತವರಿಗೆ ಹೋಗ್ತಾ ಬರ್ತಾ ಇರ್ತೀರಿ ಅಲ್ವೇನಮ್ಮ?"

"ಹೌದು."

"ಕಳೆದ ಗೌರಿ ಹಬ್ಬಕ್ಕೂ ಹೋಗಿದ್ರಾ?"

"ಹೋಗಿದ್ದೆ ಸ್ವಾಮಿ." ಇದು ನಿಜವಾದ್ದರಿಂದ ಅವಳ ದನಿ ಗಟ್ಟಿಯಾಯಿತು. ಕೆಳಗೆ ಕೂತಿದ್ದ ವಾದಿರಾಜರೂ ತಲೆಯಾಡಿಸಿದರು.

"ಒಳಗೆ ಹೋದ್ರಾ?"

ತುಂಗಮ್ಮ ವಾದಿರಾಜರ ಕಡೆ ನೋಡಿದಳು. ಹರಿಪ್ರಸಾದ್ ಕಾಗದಗಳನ್ನು ಮುಂದಿಟ್ಟು, ಜಡ್ಜರ ಅನುಮತಿ ಕೇಳಿ, ಲ್ಯಾಪ್‌ಟಾಪು ತಿರುಗಿಸಿದರು. ಪರದೆಯ ಮೇಲೆ ಗೇಟಿನ ಕಂಬಿ, ಕಂಬಿಯ ಹಿಂದೆ ಮೊರ ಹಿಡಿದ ಒಬ್ಬ ಹೆಂಗಸು. ಅದು ತಾನೇ ಎಂದು ತುಂಗಮ್ಮನಿಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಮೇಲಿನಿಂದ ನೋಡಿದರೆ ಅಷ್ಟು ಕುಳ್ಳಗೆ, ಅಷ್ಟು ಮುದುಕಿಯಾಗಿ ಕಾಣುತ್ತಿದ್ದಳು. ಮೂರು ವರ್ಷ ಆಯ್ತಲ್ಲಮ್ಮ ನಾನು ಈ ಮನೆ ಒಳಗೆ ಕಾಲಿಟ್ಟು ಎಂಬ ಅವಳ ಮಾತು ಇಡೀ ಕೋರ್ಟಿಗೆ ಕೇಳಿಸಿತು.

ಆ ಮಾತಿನ ಬೆನ್ನಿಗೇ ಇನ್ನೊಂದು ದನಿ ಬಂತು, ಮೊಬೈಲಿಗೆ ತೀರಾ ಹತ್ತಿರದಿಂದ, ಮೆಲ್ಲಗೆ. ಗೇಟಿನ ಹೊರಗೆ ಕೇಳದೆ ಹೋಗಿದ್ದ ದನಿ.

"ತೆಗೀಬೇಡ. ಮಾತಾಡ್ಲಿ ಬಿಡು. ಮುಖ ಸರಿಯಾಗಿ ಬರೋ ಹಂಗೆ ಹಿಡ್ಕೊ."

"ಇದು ಯಾರ ದನಿ?" ಎಂದು ಜಡ್ಜ್ ಕೇಳಿದರು.

ವಾದಿರಾಜರು ಕಣ್ಣಲ್ಲೇ ಸನ್ನೆ ಮಾಡಿದರು. ಗೊತ್ತಿಲ್ಲ ಎಂದರೆ ಸಾಕಿತ್ತು, ಎಳೆದಾಡಲು ಒಂದು ಎಳೆ ಸಿಗುತ್ತಿತ್ತು. ತುಂಗಮ್ಮ ಆ ಸನ್ನೆಯನ್ನು ನೋಡಿದಳು, ಅದರ ಅರ್ಥವೂ ಆಯಿತು. ಆದರೆ ಆ ಹೊತ್ತಿಗೆ ಅವಳಿಗೆ ಎಂಬತ್ತು ಸಾವಿರವೂ ನೆನಪಾಗಲಿಲ್ಲ, ರೂಮೂ ನೆನಪಾಗಲಿಲ್ಲ.

"ನನ್ನ ತಮ್ಮಂದು ಸ್ವಾಮಿ," ಎಂದಳು. "ಕೃಷ್ಣಪ್ಪಂದು."

ಕೆಳಗಿನ ಬೆಂಚಿನಲ್ಲಿ ಕೂತಿದ್ದ ಕೃಷ್ಣಪ್ಪ ಫ್ಯಾನನ್ನು ನೋಡುತ್ತಿದ್ದ.

ಆದೇಶ ಬಂದ ದಿನ ವಾದಿರಾಜರು ಅವಳನ್ನು ವರಾಂಡದ ಕಂಬದ ಹತ್ತಿರ ಕರೆದುಕೊಂಡು ಹೋದರು. "ನಿಮ್ಮನ್ನ ಮನೆಯಿಂದ ಹೊರಗೆ ಇಟ್ಟಿದಾರೆ ಅಂತ ಕೋರ್ಟು ಒಪ್ಪಿದೆ ಅಮ್ಮ."

"ಹಂಗಾದ್ರೆ ನಾವು ಗೆದ್ವಾ ಸರ್?"

"ಇಲ್ಲಮ್ಮ. ಹೊರಗೆ ಇಟ್ಟಿರೋದ್ರಿಂದ ಪೂರ್ತಿ ಫೀ ಕಟ್ಟಬೇಕು ಅಂತ ಆದೇಶ. ಒಂದು ತಿಂಗಳು ಟೈಮು. ಕಟ್ಟಲಿಲ್ಲ ಅಂದ್ರೆ ದಾವೆ ಅಲ್ಲಿಗೇ ಮುಗೀತು."

ತುಂಗಮ್ಮ ನಕ್ಕಳೇನೋ ಅನ್ನಿಸಿತು ವಾದಿರಾಜರಿಗೆ. ಅವಳು ನಗಲಿಲ್ಲ. ಬಾಗಿಲು ಹಾಕಿದವರು ಯಾರೆಂದು ಈಗ ಜಡ್ಜರಿಗೂ ಗೊತ್ತು, ಅವಳಿಗೂ ಗೊತ್ತು. ದುಡ್ಡು ಕಟ್ಟಬೇಕಾದವಳು ಮಾತ್ರ ಬಾಗಿಲ ಹೊರಗೆ ನಿಂತವಳು.

ಆಗ ಅವಳಿಗೆ ಗೋಡೆಯ ಬೋರ್ಡು ನೆನಪಾಯಿತು. ಆ ಕಚೇರಿಗೆ ಹೋಗಿ ಕೇಳಿದಳು. ಅಲ್ಲಿದ್ದವರು ಕೂರಿಸಿ ಮಾತಾಡಿದರು. "ಮೊದಲೇ ಬಂದಿದ್ರೆ ಕೋರ್ಟ್ ಫೀನೂ ಸೇರಿ ಎಲ್ಲ ಮಾಡಿಕೊಡ್ತಿದ್ವಲ್ಲಮ್ಮ. ಈಗ್ಲೂ ಅರ್ಜಿ ಕೊಡಿ, ನೋಡೋಣ. ಬೇರೆ ವಕೀಲರನ್ನ ಕೊಡ್ತೀವಿ. ಈಗಿನ ವಕೀಲರಿಂದ ಅಭ್ಯಂತರ ಇಲ್ಲ ಅಂತ ಸಹಿ ಹಾಕಿಸ್ಕೊಂಡು ಫೈಲು ತನ್ನಿ."

ವಾದಿರಾಜರು ಸಹಿ ಹಾಕುವುದಿಲ್ಲ ಎನ್ನಲಿಲ್ಲ. "ಹಳೇ ಬಾಕಿ ಒಂದು ಇಪ್ಪತ್ತು ಸಾವಿರ ಇದೆ. ಅದನ್ನ ಮುಗಿಸಿಬಿಡಿ, ಫೈಲು ಅವತ್ತೇ ಕೊಡ್ತೀನಿ. ನಾನೂ ಸಂಸಾರಸ್ಥನಲ್ವೇನಮ್ಮ," ಎಂದರು. ಪುಕ್ಕಟೆ ವಕೀಲನ ಬಾಗಿಲಿಗೆ ಹೋಗಲೂ ಇಪ್ಪತ್ತು ಸಾವಿರ ಬೇಕಾಯಿತು. ಸುಬ್ಬಪ್ಪನ ಇನ್ಸುಲಿನ್ನಿಗೇ ತುಂಗಮ್ಮ ಅಂಗಡಿಯಲ್ಲಿ ಸಾಲ ಹೇಳಿದ್ದಳು.

ಕೊನೆಯ ವಾಯ್ದೆಯ ದಿನ ಕೋರ್ಟಿನ ಅಂಗಳದಲ್ಲಿ ಕೃಷ್ಣಪ್ಪ ಸ್ಕೂಟರಿನ ಸೀಟು ಒರೆಸುತ್ತಿದ್ದ. ತಪ್ಪಿಸಿಕೊಂಡು ಹೋಗಲು ದಾರಿ ಇರಲಿಲ್ಲ.

"ಬಿಸಿಲು ಜಾಸ್ತಿ ಇದೆ ಅಕ್ಕ, ಆಟೋ ಹಿಡ್ಕೊಂಡು ಹೋಗು," ಎಂದ.

"ಅವತ್ತು ಒಳಗೇ ಇದ್ಯಾ ಕಿಟ್ಟಿ?"

ಅವನು ಬಟ್ಟೆಯನ್ನು ಮಡಚಿ ಡಿಕ್ಕಿಯೊಳಗೆ ಇಟ್ಟ. "ಬಂದ್ರೆ ವಿಡಿಯೋ ಮಾಡ್ಕೊಳ್ಳಿ ಅಂತ ವಕೀಲರೇ ಹೇಳಿದ್ರು ಅಕ್ಕ. ನೀನು ಕೇಸು ಹಾಕಿದ್ದಕ್ಕೆ ನಂಗೂ ಎಷ್ಟು ಖರ್ಚಾಗಿದೆ ಗೊತ್ತಾ?"

ಅವನ ಖರ್ಚನ್ನೂ ತುಂಗಮ್ಮ ಮನಸ್ಸಿನಲ್ಲೇ ಕೂಡಿಸಿರಬೇಕು, ಅಭ್ಯಾಸಬಲ. ಇಬ್ಬರ ಖರ್ಚನ್ನೂ ಸೇರಿಸಿದ್ದರೆ ಹಿತ್ತಲಲ್ಲಿ ಅಂಥ ಎರಡು ರೂಮು ಕಟ್ಟಬಹುದಿತ್ತು. ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಂದದ್ದು ಬರೀ ಸುಸ್ತು. ಇಷ್ಟು ವರ್ಷ ಪುಷ್ಪನಿಗೆ ಹಾಕಿದ ಶಾಪವೆಲ್ಲ ತಪ್ಪು ತಲೆಗೆ ಬಿತ್ತಲ್ಲ ಎಂದು ಒಂದು ಕ್ಷಣ ನಾಚಿಕೆಯೂ ಆಯಿತು. ಸರ್ಕಾರಿ ಬಸ್ಸು ಬರುವುದು ತಡವಾಯಿತು. ಅಂದು ಅವಳು ದುಡ್ಡು ಕೊಟ್ಟು ಪ್ರೈವೇಟ್ ಬಸ್ಸು ಹತ್ತಿದಳು.

ದಾವೆ ವಜಾ ಆಯಿತು. ವಿದ್ಯಾನಗರದ ಮನೆಯನ್ನು ಉಳಿಸಿಕೊಳ್ಳಲು ಆಗಲಿಲ್ಲ. ಕುಂಸಿಯ ರಸ್ತೆಯಲ್ಲಿ ಊರಾಚೆ ಒಂದು ಸಾಲುಮನೆ ಸಿಕ್ಕಿತು, ಒಂದೇ ರೂಮು, ಮೇಲೆ ಶೀಟು. ಜನ್ನಾಪುರದ ಹಿತ್ತಲಿನ ರೂಮಿಗಿಂತ ಚಿಕ್ಕದು, ಬಾಡಿಗೆ ಬೇರೆ. ಸುಬ್ಬಪ್ಪನಿಗೆ ತಾನು ಓಡಿಸುತ್ತಿದ್ದ ಬಸ್ಸಿನ ಹಾರ್ನು ಅಲ್ಲಿಗೆ ಕೇಳಿಸುತ್ತಿತ್ತು. ಅದೋ ಬಂತು ನೋಡು ಎಂದು ಅವನು ಹೇಳಿದರೆ ಅವಳು ಹೂಂ ಎನ್ನುತ್ತಿದ್ದಳು.

ಸಾಮಾನು ಇಳಿಸುವಾಗ ಮನೆಯೊಡತಿ ಬಂದು ನಿಂತಳು. ಪಾತ್ರೆಗಳ ಚೀಲದ ಮೇಲೆ ಎರಡು ಮೊರ ಇದ್ದವು, ಒಂದರ ಮೇಲೊಂದು ಮುಚ್ಚಿ, ದಾರ ಕಟ್ಟಿದ್ದು, ದಾರ ಬಿಚ್ಚಿರಲಿಲ್ಲ. ಆಕೆ ಅದನ್ನು ನೋಡಿದಳು.

"ಗೌರಿ ಬಾಗಿನ ಅಲ್ವಾ ಇದು? ತವರು ಎಲ್ಲಾಯ್ತು ನಿಮ್ಮದು?"

ಸುಬ್ಬಪ್ಪ ಮಂಜುಗಣ್ಣನ್ನು ಹೆಂಡತಿಯ ಕಡೆ ತಿರುಗಿಸಿದ. ತುಂಗಮ್ಮ ಮೊರಗಳನ್ನು ಎತ್ತಿ ಗೂಡಿನ ಮೇಲೆ ಇಟ್ಟಳು. ಕಟಕಟೆಯಲ್ಲಿ ಹೇಳಲೆಂದು ಬಾಯಿಪಾಠ ಮಾಡಿದ್ದ ಮಾತು ಎಲ್ಲೂ ತಡವರಿಸದೆ ಬಂತು.

"ಭದ್ರಾವತಿ, ಜನ್ನಾಪುರ. ಒಬ್ಬ ತಮ್ಮ ಇದ್ದಾನೆ. ಹೋಗ್ತಾ ಬರ್ತಾ ಇರ್ತೀನಿ. ಪ್ರತಿ ವರ್ಷ ಬಾಗಿನ ಕೊಡ್ತಾನೆ."

"ಪುಣ್ಯವಂತೆ ಬಿಡಿ," ಎಂದಳು ಮನೆಯೊಡತಿ, ಅಡ್ವಾನ್ಸಿನ ದುಡ್ಡು ಎಣಿಸಿಕೊಳ್ಳುತ್ತ.